ಮಂಡಿ ಹೊಸದು, ನಡೆಯಬೇಕಾದವರು ನೀವೇ

ಮಂಡಿ ಕೀಲನ್ನು ಬದಲಾಯಿಸುವ ಶಸ್ತ್ರಚಿಕಿತ್ಸೆ ಈಗ ಅಪರೂಪದ್ದಲ್ಲ. ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿ ಅವರು 2000 ಮತ್ತು 2001ರಲ್ಲಿ ಒಂದೊಂದಾಗಿ ಎರಡೂ ಮಂಡಿಗಳಿಗೆ ಇದನ್ನು ಮಾಡಿಸಿಕೊಂಡಾಗ ಇದರ ಸುದ್ದಿ ಮನೆಮನೆಗೂ ತಲುಪಿತು. 2017ರಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಆದರೆ ಒಂದು ತಪ್ಪು ತಿಳಿವಳಿಕೆ ಇನ್ನೂ ಹೋಗಿಲ್ಲ. ‘ಆಪರೇಷನ್ ಆಯಿತಲ್ಲ, ಇನ್ನು ಮೂರು ತಿಂಗಳು ಮಲಗಿದ್ದರೆ ಎಲ್ಲ ಸರಿಹೋಗುತ್ತದೆ’ ಎಂಬುದೇ ಅದು.

ಶಸ್ತ್ರವೈದ್ಯರು ಸವೆದ ಮೂಳೆಯ ತುದಿಗಳ ಜಾಗದಲ್ಲಿ ಲೋಹ ಮತ್ತು ಪ್ಲಾಸ್ಟಿಕ್ಕಿನ ಕೀಲನ್ನು ಕೂರಿಸುತ್ತಾರೆ. ಅದನ್ನು ಆಡಿಸಬೇಕಾದ ತೊಡೆಯ ಸ್ನಾಯು ಮಾತ್ರ ಹಳೆಯದೇ. ವರ್ಷಗಟ್ಟಲೆ ನೋವಿನಿಂದ ನಡಿಗೆ ಕಡಿಮೆಯಾಗಿ ಅದು ಸೊರಗಿರುತ್ತದೆ. ಜೊತೆಗೆ, ಗಾಯ ಮಾಯುವಾಗ ಕೀಲಿನ ಸುತ್ತ ಬಿಗಿಯಾದ ಅಂಗಾಂಶ ಬೆಳೆಯುತ್ತದೆ. ಮೊದಲ ಕೆಲವು ವಾರಗಳಲ್ಲಿ ಕಾಲನ್ನು ಮಡಿಸಿ ಚಾಚಿ ಮಾಡದಿದ್ದರೆ ಮಂಡಿ ಸೆಟೆದು ನಿಲ್ಲುತ್ತದೆ. ಆಗ ಲಕ್ಷಾಂತರ ರೂಪಾಯಿ ಸುರಿದೂ ಕುಂಟುವುದು ತಪ್ಪುವುದಿಲ್ಲ.

ಇಲ್ಲಿ ಮನೆಯವರ ಪ್ರೀತಿಯೇ ಎಷ್ಟೋ ಸಲ ಅಡ್ಡಿಯಾಗುತ್ತದೆ. ‘ಪಾಪ, ಅಮ್ಮ ಏಳುವುದು ಬೇಡ’ ಎಂದು ಮಂಚಕ್ಕೇ ಊಟ ತರುತ್ತಾರೆ. ನೋವಾಗಬಾರದೆಂದು ಮಂಡಿಯ ಕೆಳಗೆ ದಿಂಬು ಇಡುತ್ತಾರೆ. ಹಾಗೆ ಇಟ್ಟರೆ ಕಾಲು ಬಾಗಿದಂತೆಯೇ ಬಿಗಿಯುತ್ತದೆ. ದಿಂಬು ಇರಬೇಕಾದದ್ದು ಹಿಮ್ಮಡಿಯ ಕೆಳಗೆ. ಎಣ್ಣೆ ತಿಕ್ಕುವುದು, ಬಿಸಿ ಶಾಖ ಕೊಡುವುದು ಬೇಡವೇ ಬೇಡ. ಊತಕ್ಕೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಟ್ಟರೆ ಸಾಕು.

ಸಾಮಾನ್ಯವಾಗಿ ಆಪರೇಷನ್ ಆದ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಹೆದರಬೇಡಿ. ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮಂಡಿಯನ್ನು ಹಾಸಿಗೆಗೆ ಒತ್ತಿ ಐದು ಎಣಿಸುವುದು, ಹಿಮ್ಮಡಿಯನ್ನು ಜಾರಿಸುತ್ತಾ ಕಾಲು ಮಡಿಸುವುದು, ಇವನ್ನು ಫಿಸಿಯೋಥೆರಪಿಸ್ಟ್ ಹೇಳಿದಷ್ಟು ಸಲ ದಿನವೂ ಮಾಡಿ. ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ನುಂಗಿದರೆ ಅನುಕೂಲ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಊರುಗೋಲು ಇರಬೇಕಾದದ್ದು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿ.

ಆರು ವಾರಗಳ ಹೊತ್ತಿಗೆ ಹೆಚ್ಚಿನವರು ಮನೆಯೊಳಗೆ ಸಲೀಸಾಗಿ ಓಡಾಡುತ್ತಾರೆ. ಮೂರು ತಿಂಗಳಿಗೆ ಬೆಳಗಿನ ವಾಕಿಂಗ್, ಮಾರುಕಟ್ಟೆ, ದೇವಸ್ಥಾನದ ಪ್ರದಕ್ಷಿಣೆ ಎಲ್ಲವೂ ಸಾಧ್ಯ. ಪೂರ್ತಿ ಚೇತರಿಕೆಗೆ ಒಂದು ವರ್ಷವೂ ಬೇಕಾದೀತು. ಅಲ್ಲಿಯವರೆಗೆ ಮಂಡಿ ಸ್ವಲ್ಪ ಬೆಚ್ಚಗಿದ್ದರೆ, ಆಗಾಗ ಊದಿಕೊಂಡರೆ ಗಾಬರಿ ಬೇಡ. ಆದರೆ ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಓಡುವುದು, ಜಿಗಿಯುವುದು ಈ ಮಂಡಿಗೆ ಹೇಳಿದ್ದಲ್ಲ. ಅದಕ್ಕಾಗಿ ಇಷ್ಟದ ಕೆಲಸ ಬಿಡಬೇಕಿಲ್ಲ, ಅದರ ರೀತಿ ಬದಲಿಸಿದರಾಯಿತು. ಪೂಜೆಗೆ ಮಣೆಯ ಬದಲು ಕುರ್ಚಿ, ಕೈತೋಟದ ಕುಂಡಗಳಿಗೆ ಎತ್ತರದ ಕಟ್ಟೆ, ಬಚ್ಚಲಲ್ಲಿ ಕಮೋಡು ಮತ್ತು ಗೋಡೆಗೊಂದು ಹಿಡಿಕೆ. ಇವನ್ನೆಲ್ಲ ಆಪರೇಷನ್ನಿಗೆ ಮೊದಲೇ ಸಿದ್ಧಮಾಡಿಕೊಳ್ಳಿ.

ಕೆಲವು ಲಕ್ಷಣಗಳನ್ನು ಮಾತ್ರ ಕಡೆಗಣಿಸಬೇಡಿ. ಮೀನಖಂಡದಲ್ಲಿ ನೋವು, ಊತ ಕಂಡರೆ ರಕ್ತ ಹೆಪ್ಪುಗಟ್ಟಿರಬಹುದು. ಜ್ವರ, ಗಾಯದಿಂದ ಕೀವು ಅಥವಾ ನೀರು ಬರುವುದು ಸೋಂಕಿನ ಗುರುತು. ಎರಡಕ್ಕೂ ಅದೇ ದಿನ ವೈದ್ಯರನ್ನು ಕಾಣಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಯಲ್ಲಿಡದಿದ್ದರೆ ಗಾಯ ಬೇಗ ಮಾಯುವುದಿಲ್ಲ.

ಆಪರೇಷನ್ನಿಗೆ ಒಪ್ಪುವ ಮೊದಲು ‘ನಾನು ಮತ್ತೆ ಯಾವ ಕೆಲಸ ಮಾಡಬೇಕು?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಮೊಮ್ಮಗುವನ್ನು ಶಾಲೆಗೆ ಬಿಟ್ಟುಬರುವುದೋ, ಬಸ್ಸು ಹತ್ತಿ ತವರಿಗೆ ಹೋಗುವುದೋ, ಅದನ್ನು ಮನೆಯವರಿಗೂ ವೈದ್ಯರಿಗೂ ಹೇಳಿ. ಮನೆಯವರಲ್ಲಿ ನನ್ನ ವಿನಂತಿ ಇಷ್ಟೇ: ನೀರಿನ ಲೋಟವನ್ನು ಮಂಚಕ್ಕೆ ತರಬೇಡಿ, ಅಡುಗೆಮನೆಯವರೆಗೆ ಅವರ ಜೊತೆ ನಡೆಯಿರಿ.