ಬಯಲು ರಂಗಮಂದಿರದಲ್ಲಿ ವಾದ್ಯವೃಂದ

ಗ್ರೀಸ್ ದೇಶದ ಎಪಿಡಾರಸ್ಸಿನಲ್ಲಿ ಬೆಟ್ಟದ ಇಳಿಜಾರಿಗೆ ಒರಗಿಸಿ ಕಟ್ಟಿದ ಪುರಾತನ ರಂಗಮಂದಿರವೊಂದುಂಟು. ಕ್ರಿ.ಪೂ. 4ನೆಯ ಶತಮಾನದಲ್ಲಿ ಆರಂಭವಾಗಿ ಮುಂದೆ ವಿಸ್ತಾರಗೊಂಡ ಇದರಲ್ಲಿ ಸುಣ್ಣಕಲ್ಲಿನ ಆಸನಗಳ 55 ಸಾಲುಗಳಿವೆ. ಮೇಲೆ ಆಕಾಶವೇ ಚಾವಣಿ. ಮಾರಿಯಾ ಕ್ಯಾಲಸ್ ಅವರು 1960ರಲ್ಲಿ ವಾದ್ಯವೃಂದದೊಡನೆ ಬೆಲ್ಲೀನಿಯ 'ನಾರ್ಮ' ಗೀತನಾಟಕವನ್ನು ಹಾಡಿದ್ದು ಇಲ್ಲಿಯೇ.

ಈ ಸ್ಥಳದ ಬಗೆಗೆ ಒಂದು ಕಥೆ ಬಹಳ ಪ್ರಚಾರದಲ್ಲಿದೆ. ರಂಗದ ನಡುವೆ ನಾಣ್ಯ ಬಿದ್ದರೂ, ಯಾರಾದರೂ ಪಿಸುಗುಟ್ಟಿದರೂ ಕೊನೆಯ ಸಾಲಿಗೆ ಸ್ಪಷ್ಟವಾಗಿ ಕೇಳಿಸುವುದಂತೆ. ಇದನ್ನು ಒಪ್ಪುವ ಮೊದಲು ಒಂದು ಸಣ್ಣ ಲೆಕ್ಕ ಮಾಡಬೇಕೆಂಬುದು ನಮ್ಮ ಅಭಿಪ್ರಾಯ. ಬಯಲಿನಲ್ಲಿ ದೂರವು ಇಮ್ಮಡಿಯಾದಂತೆಲ್ಲ ಶಬ್ದದ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 1 ಮೀಟರ್ ದೂರದಲ್ಲಿ 30 ಡೆಸಿಬೆಲ್ ಇರುವ ಪಿಸುಮಾತು 60 ಮೀಟರ್ ಸಾಗುವಷ್ಟರಲ್ಲಿ 35 ಡೆಸಿಬೆಲಿಗಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಗಟ್ಟಿನೆಲದ ಪ್ರತಿಫಲನವು ಅದರಲ್ಲಿ ಸ್ವಲ್ಪವನ್ನು ಹಿಂದಿರುಗಿಸಿದರೂ, ಎಲೆಗಳ ಮರ್ಮರವೇ ಉಳಿದುದನ್ನು ನುಂಗಿಬಿಡಬಲ್ಲುದು. ನೆದರ್‌ಲೆಂಡ್ಸಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಳತೆಗಳೂ ಹೀಗೆಯೇ ಇವೆ: ಪಿಸುಮಾತು ತಿಳಿಯುವುದು ಮುಂದಿನ ಸಾಲುಗಳಿಗೆ ಮಾತ್ರ; ಕೊನೆಯ ಸಾಲಿಗೆ ಅರ್ಥವಾಗುವುದು ಎತ್ತರಿಸಿದ ದನಿ.

ಇದರಿಂದ ಶಿಲ್ಪಿಗಳ ಕೀರ್ತಿ ಕುಂದಿತೆ? ಕುಂದಲಿಲ್ಲವೆಂದೇ ನಾವು ಹೇಳುತ್ತೇವೆ. ಧ್ವನಿವರ್ಧಕವಿಲ್ಲದೆ ನಟನೊಬ್ಬನ ಮಾತನ್ನು ಸಾವಿರಾರು ಜನರಿಗೆ ಮುಟ್ಟಿಸಿದ್ದು ಸಾಮಾನ್ಯ ಸಾಧನೆಯೆ? ಕಡಿದಾದ ಇಳಿಜಾರಿನಿಂದ ಮುಂದಿನವರ ತಲೆ ಹಿಂದಿನವರ ಕಿವಿಗೆ ಅಡ್ಡಬರುವುದಿಲ್ಲ. ಆಸನಗಳ ಸಾಲುಗಳು ಸುಮಾರು 500 ಹರ್ಟ್ಸ್‌ಗಿಂತ ಕೆಳಗಿನ ಕಂಪನಗಳನ್ನು ಕುಗ್ಗಿಸಿ ಮೇಲಿನವನ್ನು ಉಳಿಸುತ್ತವೆಂದು ಡೆಕ್ಲೆರ್ಕ್ ಮತ್ತು ಡೆಕೈಸರ್ ಎಂಬ ವಿಜ್ಞಾನಿಗಳು 2007ರಲ್ಲಿ ಗಣಿತದಿಂದ ತೋರಿಸಿದರು.

ಆದರೆ ಮಾತಿಗೆ ಒದಗುವ ಸ್ಥಳವೆಲ್ಲ ವಾದ್ಯವೃಂದಕ್ಕೂ ಒದಗಬೇಕೆಂದಿಲ್ಲ. ವಿಯೆನ್ನಾ ನಗರದ ಮುಸಿಕ್‌ಫೆರೈನ್ ಸಭಾಂಗಣದಲ್ಲಿ ವಾದ್ಯಗಳು ನಿಂತ ಬಳಿಕವೂ ಅನುರಣನವು ಸುಮಾರು 2 ಸೆಕೆಂಡುಗಳ ಕಾಲ ಉಳಿಯುತ್ತದೆ. ಅಲ್ಲಿನ ಗೋಡೆ ಮತ್ತು ಚಾವಣಿಗಳೂ ಒಂದು ಬಗೆಯ ವಾದ್ಯಗಳೇ. ಬಯಲಿನಲ್ಲಿ ಮೇಲಕ್ಕೆ ಹೋದ ಶಬ್ದ ಮರಳಿ ಬಾರದು. ಸ್ವರಗಳು ಬಿಡಿಬಿಡಿಯಾಗಿ ತಿಳಿಯಾಗಿ ಕೇಳಿಸುತ್ತವೆ; ನಾದದ ತುಂಬುತನ ಮಾತ್ರ ಕಡಿಮೆ. ಈ ಕೊರತೆಯನ್ನು ತುಂಬಲು ಇಂಥ ಸ್ಥಳಗಳಲ್ಲಿ ಧ್ವನಿವರ್ಧಕಗಳನ್ನು ಇಡಬೇಕೆಂಬ ವಾದಕ್ಕೆ ನಮ್ಮ ಸಮ್ಮತಿಯಿಲ್ಲ. ಹಾಗೆ ಮಾಡಿದರೆ ನಾವು ಕೇಳುವುದು ಯಂತ್ರವನ್ನು, ಎಪಿಡಾರಸ್ಸಿನ ಕಲ್ಲುಗಳನ್ನಲ್ಲ. ಕಟ್ಟಿದವರು ಕೊಟ್ಟದ್ದು ಇಷ್ಟು, ಕೊಡದೆ ಉಳಿದದ್ದು ಇಷ್ಟು ಎಂದು ಅರಿತು ಕೇಳುವುದೇ ಅವರಿಗೆ ಸಲ್ಲಿಸುವ ನಿಜವಾದ ಗೌರವ. ಇಲ್ಲದ ಪವಾಡವನ್ನು ಹೊರಿಸಿದರೆ ಇರುವ ಜಾಣ್ಮೆ ಮರೆಯಾಗುತ್ತದೆ.

ಪರೀಕ್ಷೆಗೆ ಗ್ರೀಸಿನವರೆಗೆ ಹೋಗಬೇಕಾಗಿಲ್ಲ. ವಿದ್ಯಾರ್ಥಿಗಳು ಆಟದ ಬಯಲಿನಲ್ಲಿ 60 ಮೀಟರ್ ಅಳೆದು, ಗೆಳೆಯನೊಬ್ಬನನ್ನು ಆ ಕೊನೆಯಲ್ಲಿ ನಿಲ್ಲಿಸಿ, ಮೊದಲು ಪಿಸುಗುಟ್ಟಿ, ಆಮೇಲೆ ದನಿಯೆತ್ತಿ ಮಾತನಾಡಲಿ. ಅವನು ಕೇಳಿಸಿಕೊಂಡದ್ದನ್ನು ಬರೆದಿಟ್ಟುಕೊಂಡ ಬಳಿಕ ನಾಣ್ಯದ ಕಥೆಯನ್ನು ಮತ್ತೊಮ್ಮೆ ಓದಲಿ.