ಹೆಸರಿಲ್ಲದೆ ಮಾತಾಡಿದವರು

ಮಸ್ಕಿಯಲ್ಲಿ ಅಶೋಕನ ಶಾಸನವನ್ನು 1915ರಲ್ಲಿ ಕಂಡವನು ಚಿನ್ನದ ಅದಿರು ಹುಡುಕುತ್ತ ಬಂದ ಎಂಜಿನಿಯರ್ ಬೀಡನ್. ಅಲ್ಲಿಯತನಕ ಓದಿದ ಬಂಡೆಗಳಲ್ಲೆಲ್ಲ ದೊರೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಲ್ಲೇ ಮಾತಾಡಿದ್ದ. ಅಶೋಕ ಎಂಬ ಸ್ವಂತ ಹೆಸರು ಮೊದಲು ಸಿಕ್ಕಿದ್ದು ಇಲ್ಲಿ. ಇದನ್ನು ನೆನೆದಾಗಲೆಲ್ಲ ಸಿಂಧನೂರಿನಲ್ಲಿ ಈಚೆಗೆ ತೀರಿಕೊಂಡ ಹಿರಿಯರೊಬ್ಬರು ನಗುತ್ತಿದ್ದರು: “ನಮ್ದು ಉಲ್ಟಾ ನೋಡ್ರಿ. ರೇಡಿಯೋದಾಗ ನಮಗ ಹೆಸರಾ ಇಲ್ಲ. ಮದ್ರಾಸ್ ಕಂಟ್ರೋಲ್ ಅಂದ್ರ ಮುಗೀತು.”

ಅವರು ವಿಮಾನ ಸಂಚಾರ ನಿಯಂತ್ರಕರಾಗಿ ನಿವೃತ್ತರಾದವರು, ಓಣಿಯ ಹುಡುಗರಿಗೆಲ್ಲ ತಾತ. ಅಲಹಾಬಾದಿನ ಬಮ್ರೌಲಿಯಲ್ಲಿ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದಾಗ ಅವರ ಮುಂದೆ ರಾಡಾರ್ ಪರದೆ ಇರಲಿಲ್ಲ. ಇದ್ದದ್ದು ಉದ್ದನೆಯ ಕಾಗದದ ಪಟ್ಟಿಗಳು. ಒಂದು ವಿಮಾನಕ್ಕೆ ಒಂದು ಪಟ್ಟಿ. ಅದರ ಮೇಲೆ ಕರೆ ಹೆಸರು, ಎತ್ತರ, ಯಾವ ಊರಿನ ಮೇಲೆ ಎಷ್ಟು ಹೊತ್ತಿಗೆ ಎಂಬ ಲೆಕ್ಕ. ಪೈಲಟ್ ಹೇಳಿದ್ದನ್ನು ಬರೆದುಕೊಂಡು, ಕಾಣದ ವಿಮಾನಗಳನ್ನು ತಲೆಯೊಳಗೇ ಹಾರಿಸಬೇಕು. ಒಂದರ ಮೇಲೊಂದು ಹಾದುಹೋಗುವಾಗ ನಡುವೆ ಸಾವಿರ ಅಡಿ. 29,000 ಅಡಿಗಿಂತ ಮೇಲೆ, 2003ರವರೆಗೆ, ಎರಡು ಸಾವಿರ.

ಆ ಸಾವಿರ ಅಡಿಯ ಬೆಲೆ ಏನೆಂದು ದೇಶಕ್ಕೆ ತಿಳಿದದ್ದು 1996ರ ನವೆಂಬರ್ 12ರ ಸಂಜೆ. ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ, ಇಳಿಯುತ್ತಿದ್ದ ಕಜಕಸ್ತಾನದ ವಿಮಾನಕ್ಕೆ 15,000 ಅಡಿ ಎಂದು ಗೊತ್ತುಮಾಡಲಾಗಿತ್ತು. ಎರಡನೆಯದು ತನ್ನ ಮಟ್ಟ ಬಿಟ್ಟು ಕೆಳಗಿಳಿಯಿತು. 349 ಜನ ಸತ್ತರು. ನ್ಯಾಯಮೂರ್ತಿ ಲಾಹೋಟಿಯವರ ತನಿಖೆ ತಪ್ಪನ್ನು ಕಂಡದ್ದು ಕಜಕ್ ಸಿಬ್ಬಂದಿಯಲ್ಲಿ. ಆದರೂ ಅಂದು ಪಾಳಿಯಲ್ಲಿದ್ದ ನಿಯಂತ್ರಕ ವಿ.ಕೆ. ದತ್ತಾ ಅವರ ಹೆಸರು ಪತ್ರಿಕೆಗಳಿಗೆ ಬಂತು. ಈ ವೃತ್ತಿಯಲ್ಲಿ ಹೆಸರು ಹೊರಬೀಳುವುದೇ ಹಾಗೆ. ನಮ್ಮ ತಾತ ಜೀವಮಾನವಿಡೀ ಎಷ್ಟು ಜನರನ್ನು ಸುರಕ್ಷಿತವಾಗಿ ದಾಟಿಸಿದರೋ, ಅವರಲ್ಲಿ ಒಬ್ಬರಿಗೂ ಈ ಮನುಷ್ಯ ಯಾರೆಂದು ಗೊತ್ತಿಲ್ಲ. ಅದರ ಬಗ್ಗೆ ಅವರಿಗೆ ಕೊರಗಿತ್ತೆಂದು ನನಗೆ ಅನ್ನಿಸಿಲ್ಲ. ಪೈಲಟ್‌ಗಳ ಬಗ್ಗೆ ಸಿನಿಮಾ ಬಂದಾಗ ಮಾತ್ರ ಸ್ವಲ್ಪ ಗೊಣಗುತ್ತಿದ್ದರು.

ಕೆಲಸ ಬಿಟ್ಟರೂ ಕೆಲಸದ ರೂಢಿ ಅವರನ್ನು ಬಿಡಲಿಲ್ಲ. ನಿಯಂತ್ರಕ ಹೇಳಿದ ಎತ್ತರವನ್ನು ಪೈಲಟ್ ತಿರುಗಿ ಒಪ್ಪಿಸಬೇಕು, ಒಪ್ಪಿಸುವಾಗ ತಪ್ಪಿದರೆ ಅಲ್ಲೇ ತಿದ್ದಬೇಕು. ಮೊಮ್ಮಗನನ್ನು ಅಂಗಡಿಗೆ ಕಳಿಸುವಾಗಲೂ ಇದೇ ಕ್ರಮ. “ಏನು ತರ್ತೀ, ವಾಪಸ್ ಹೇಳು.” ತೊಗರಿಬೇಳೆ ಒಂದು ಕಿಲೋ ಅಂದದ್ದನ್ನು ಹುಡುಗ ಅರ್ಧ ಕಿಲೋ ಅಂದರೆ ಬಾಗಿಲು ದಾಟುವಂತಿರಲಿಲ್ಲ.

ಇನ್ನೊಂದು ರೂಢಿ ಮನೆಯವರಿಗೆ ನಗೆಯ ವಿಷಯವಾಗಿತ್ತು. ಬರಬೇಕಾದ ಹೊತ್ತು ದಾಟಿ ಮೂವತ್ತು ನಿಮಿಷವಾದರೂ ವಿಮಾನದಿಂದ ದನಿ ಬರದಿದ್ದರೆ, ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದು ಅನುಮಾನದ ಹಂತ. ಹುಡುಕಾಟದ ಮೊದಲ ಮೆಟ್ಟಿಲು. ಲಿಂಗಸುಗೂರಿನಿಂದ ಮಸ್ಕಿ ಮೇಲೆ ಬರುವ ಬಸ್ಸಿನಲ್ಲಿ ಕಾಲೇಜು ಮುಗಿಸಿ ಬರುತ್ತಿದ್ದ ಮೊಮ್ಮಗಳಿಗೂ ಅಷ್ಟೇ ಗಡುವು. ಮೂವತ್ತೊಂದನೆಯ ನಿಮಿಷಕ್ಕೆ ಫೋನ್. ನಮ್ಮ ಬಸ್ಸುಗಳ ಹೊತ್ತುಗೊತ್ತು ಬಲ್ಲವರಿಗೆ ಗೊತ್ತು, ಆ ಫೋನ್ ವಾರಕ್ಕೆ ಎಷ್ಟು ಸಲ ಬಂದಿರಬಹುದೆಂದು. ಆಕೆಯೂ ಕಲಿತುಬಿಟ್ಟಿದ್ದಳು: ಮಸ್ಕಿ ಬಸ್‌ಸ್ಟ್ಯಾಂಡಿನಿಂದ ತಾನೇ ಫೋನ್ ಮಾಡಿ, “ತಾತ, ಮಸ್ಕಿ ದಾಟೀವಿ, ನಾಲ್ಕೂವರಿಗೆ ಸಿಂಧನೂರು” ಅನ್ನುತ್ತಿದ್ದಳು. ತಾತ ಕ್ಯಾಲೆಂಡರಿನ ಹಾಳೆಯ ಅಂಚಿನಲ್ಲಿ ಹೊತ್ತು ಬರೆದುಕೊಳ್ಳುತ್ತಿದ್ದರು.