ಹೆಸರು ಕೆಟ್ಟಿಲ್ಲ, ಎಣಿಕೆ ಕೆಟ್ಟಿದೆ

‘ಫೈಲಿಗೆ ಕನ್ನಡದಲ್ಲಿ ಹೆಸರಿಡಬೇಡಿ, ತೊಂದರೆ ಆಗುತ್ತೆ. ಇಂಗ್ಲಿಷಿನಲ್ಲಿ ಇಡಿ.’ ಕಂಪ್ಯೂಟರ್ ಬಲ್ಲವರು ಕೊಡುವ ಈ ಬುದ್ಧಿಮಾತನ್ನು ನಾವು ತಲೆಯಾಡಿಸಿ ಒಪ್ಪಿಕೊಳ್ಳುತ್ತೇವೆ. ಒಪ್ಪಬಾರದು. ತೊಂದರೆ ಇರುವುದು ಹೆಸರಿನಲ್ಲಲ್ಲ, ಆ ಹೆಸರನ್ನು ತಪ್ಪಾಗಿ ಎಣಿಸುವ ತಂತ್ರಾಂಶದಲ್ಲಿ.

ಟೊರೆಂಟನ್ನೇ ನೋಡಿ. ಬ್ರಾಮ್ ಕೋಹೆನ್ 2001ರಲ್ಲಿ ಹೊರತಂದ ಬಿಟ್‌ಟೊರೆಂಟ್ ಅಂದರೆ ದೊಡ್ಡ ಫೈಲನ್ನು ಚೂರು ಮಾಡಿ, ಚೂರು ಸಿಕ್ಕವರೆಲ್ಲ ಉಳಿದವರಿಗೆ ಹಂಚುವ ವ್ಯವಸ್ಥೆ. ನಡುವೆ ನೆಟ್‌ವರ್ಕ್ ಹೋದರೂ ಬಂದ ಚೂರುಗಳು ಉಳಿಯುತ್ತವೆ. ಸಿಗ್ನಲ್ ಬಂದು ಹೋಗುವ ನಮ್ಮಂಥ ಊರುಗಳಿಗೆ ಹೇಳಿ ಮಾಡಿಸಿದ್ದು. ಟೊರೆಂಟ್ ಅಂದಕೂಡಲೇ ‘ಕದ್ದ ಸಿನಿಮಾ’ ಅನ್ನುವವರಿದ್ದಾರೆ. ಕಳ್ಳಮಾಲು ಸಾಗಿತೆಂದು ರಸ್ತೆಯನ್ನೇ ಕಳ್ಳ ಅನ್ನುತ್ತೇವೆಯೇ? ಉಬುಂಟು, ಡೆಬಿಯನ್‌ನಂಥ ಉಚಿತ ತಂತ್ರಾಂಶಗಳು, ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಪುಸ್ತಕಗಳು ಕೂಡ ಇದೇ ದಾರಿಯಲ್ಲಿ ಸಿಗುತ್ತವೆ.

ಟೊರೆಂಟ್ ಫೈಲಿನೊಳಗೆ ಸಿನಿಮಾವೂ ಇಲ್ಲ, ಪುಸ್ತಕವೂ ಇಲ್ಲ. ಇರುವುದು ಒಂದು ಚೀಟಿ: ಫೈಲಿನ ಹೆಸರೇನು, ಗಾತ್ರವೆಷ್ಟು, ಪ್ರತಿ ಚೂರಿನ ಗುರುತೇನು. ಆ ಚೀಟಿ ಬರೆಯುವ ರೀತಿಗೆ ಬಿ-ಎನ್‌ಕೋಡ್ ಎಂದು ಹೆಸರು. ಅದರಲ್ಲಿರುವುದು ನಾಲ್ಕೇ ಬಗೆ: ಸಂಖ್ಯೆ, ಪದ, ಪಟ್ಟಿ, ನಿಘಂಟು. ಪದ ಬರೆಯುವ ನಿಯಮ ಬಲು ಸರಳ: ಮೊದಲು ಉದ್ದ, ಆಮೇಲೆ ಎರಡು ಚುಕ್ಕಿ, ಆಮೇಲೆ ಪದ. ಇದನ್ನು ಬರೆಯಲು, ಓದಲು ಯಾರೋ ಮಾಡಿಟ್ಟ ಸಿದ್ಧ ಕೋಡನ್ನು ಬೇರೆಯವರು ತಮ್ಮ ಆ್ಯಪ್‌ಗೆ ಜೋಡಿಸಿಕೊಳ್ಳುತ್ತಾರೆ. ಅದಕ್ಕೆ ಲೈಬ್ರರಿ ಅನ್ನುತ್ತಾರೆ.

ಈಗ ಹೇಳಿ, ‘ಕನ್ನಡ’ ಎಂಬ ಪದದ ಉದ್ದ ಎಷ್ಟು? ಶಾಲೆಯ ಮಗು ಮೂರು ಅನ್ನುತ್ತದೆ: ಕ, ನ್ನ, ಡ. ಜಾವಾಸ್ಕ್ರಿಪ್ಟ್, ಪೈಥಾನ್ ಭಾಷೆಗಳಲ್ಲಿ ಪಠ್ಯದ ಉದ್ದ ಕೇಳಿದರೆ 5 ಎಂದು ಬರುತ್ತದೆ. ಒತ್ತಕ್ಷರವನ್ನು ಅವು ಬಿಡಿಸಿ ಎಣಿಸುತ್ತವೆ. ಆದರೆ ಬಿ-ಎನ್‌ಕೋಡ್ ಕೇಳುವುದು ಬೈಟ್ ಲೆಕ್ಕ. ಟೊರೆಂಟ್ ಫೈಲಿನ ಪಠ್ಯ ಯುಟಿಎಫ್-8ರಲ್ಲೇ ಇರಬೇಕೆಂಬ ನಿಯಮವಿದೆ. ಅದರಲ್ಲಿ ಆ ಐದರಲ್ಲಿ ಒಂದೊಂದಕ್ಕೂ 3 ಬೈಟ್. ಸರಿಯಾದ ಉತ್ತರ 15.

ಅವಸರದಲ್ಲಿ ಬರೆದ ಲೈಬ್ರರಿ 5 ಎಂದು ಬರೆದುಬಿಡುತ್ತದೆ. ಓದುವ ಆ್ಯಪ್ ನಿಯಮದಂತೆ 5 ಬೈಟ್ ತೆಗೆದುಕೊಂಡು, ‘ಕ’ ಮುಗಿಸಿ ‘ನ’ದ ನಡುವೆ ನಿಲ್ಲುತ್ತದೆ. ಮುಂದಿನದು ಅದಕ್ಕೆ ಅರ್ಥವಾಗುವುದಿಲ್ಲ. ಇಡೀ ಚೀಟಿಯೇ ಕೆಟ್ಟಿದೆ ಅನ್ನುತ್ತದೆ.

ಡೈರಿಯಲ್ಲಿ ಕ್ಯಾನು ಎಣಿಸಿ ‘ಇಷ್ಟು ಲೀಟರ್’ ಎಂದು ಬರೆದಂತಾಯಿತು ಇದು. ಎಲ್ಲರದ್ದೂ ಒಂದು ಲೀಟರಿನ ಕ್ಯಾನಾದರೆ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ. ಇಂಗ್ಲಿಷಿನದು ಅಂಥ ಕ್ಯಾನು: ಒಂದು ಅಕ್ಷರಕ್ಕೆ ಒಂದು ಬೈಟ್. ನಮ್ಮದು ಮೂರು ಲೀಟರಿನದು. ಇಂಗ್ಲಿಷ್ ಪದ ಹಾಕಿ ಪರೀಕ್ಷೆ ಮಾಡಿದವನಿಗೆ ತನ್ನ ಲೆಕ್ಕ ತಪ್ಪೆಂದು ಯಾವ ಕಾಲಕ್ಕೂ ಕಾಣುವುದಿಲ್ಲ. ಕಂಡಾಗ, ಕ್ಯಾನು ಬದಲಿಸಿಕೊಂಡು ಬನ್ನಿ ಎಂದು ನಮಗೇ ಹೇಳುತ್ತಾನೆ!

‘ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇ?’ ಎಂದು ಕೇಳಬಹುದು. ಸಣ್ಣದೇ ಆದರೆ ಸರಿಪಡಿಸಲು ಏನು ಕಷ್ಟ? ಮೊದಲು ಪದವನ್ನು ಬೈಟ್‌ಗಳಾಗಿ ಮಾಡಿ, ಆಮೇಲೆ ಎಣಿಸಿದರೆ ಮುಗಿಯಿತು. ಒಂದೆರಡು ಸಾಲಿನ ಕೆಲಸ. ಒಳ್ಳೆಯ ಲೈಬ್ರರಿಗಳು ಹಾಗೇ ಮಾಡುತ್ತವೆ. ಹಾಗಿದ್ದರೆ ಉಳಿದವರಿಗೆ ರಿಯಾಯಿತಿ ಏಕೆ?

ಸೋಲುವುದು ಬರೀ ಒಂದು ಫೈಲಲ್ಲ. ಯಕ್ಷಗಾನದ ರೆಕಾರ್ಡಿಂಗಿಗೆ ಪ್ರಸಂಗದ ಹೆಸರು, ಊರಿನ ಫೋಟೋಗೆ ಊರಿನ ಹೆಸರು ಕನ್ನಡದಲ್ಲಿದ್ದರೆ ತಾನೇ ನಾಳೆ ನಮ್ಮ ಮಕ್ಕಳು ಹುಡುಕಿದಾಗ ಸಿಗುವುದು? ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಸ್ಪೆಲಿಂಗ್ ಹಾಕಿದರೆ ಹುಡುಕುವವರು ಎಲ್ಲಿ ಹುಡುಕಬೇಕು?

ನಮ್ಮ ಊರಿನ ಎಷ್ಟೋ ಹುಡುಗ ಹುಡುಗಿಯರು ಎಂಜಿನಿಯರಿಂಗ್ ಓದುತ್ತಿದ್ದಾರೆ, ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಿದ್ದಾರೆ. ಈ ಬರಹವನ್ನು ಅವರಿಗೆ ಕಳಿಸಿ. ಬರೆದ ಕೋಡಿಗೆ ‘ಕನ್ನಡ’ ಎಂಬ ಪದ ಹಾಕಿ ನೋಡಲಿ. 15 ಬರದಿದ್ದರೆ ತಿದ್ದಲಿ. ಬೇರೆಯವರ ಲೈಬ್ರರಿಯಾದರೆ ದೂರು ಬರೆಯಲಿ. ನೀವೂ ಅಷ್ಟೇ: ಮುಂದಿನ ಸಲ ಯಾರಾದರೂ ಹೆಸರು ಬದಲಿಸಿ ಅಂದರೆ, ನಿಮ್ಮ ಲೆಕ್ಕ ಬದಲಿಸಿ ಸ್ವಾಮಿ ಅನ್ನಿ.